ಹೊಲಿಗೆ ಬಿಚ್ಚಿದ ಮೇಲೆ

ತಲೆಗೆ ಏಟು ಬಿದ್ದವರ ಜೀವ ಉಳಿಸುವುದನ್ನು ನಮ್ಮ ಆಸ್ಪತ್ರೆಗಳು ಕಲಿತಿವೆ. ಕಳೆದುಹೋದ ನೆನಪು, ಗಮನ, ತಾಳ್ಮೆಯನ್ನು ಮತ್ತೆ ಕಟ್ಟಿಕೊಡುವ ಕೆಲಸ ಮಾತ್ರ ಮನೆಯವರ ಹೆಗಲಿಗೆ ಬಿದ್ದಿದೆ, ಅದೂ ಯಾವ ತರಬೇತಿಯೂ ಇಲ್ಲದೆ. ಮೆದುಳಿನ ಆರೋಗ್ಯದ ಎರಡು ದೊಡ್ಡ ಪ್ರಯೋಗಗಳಿಗೆ ನೆಲ ಕೊಟ್ಟ ಕೋಲಾರ ಜಿಲ್ಲೆ ಈ ಮೂರನೆಯ ಕೆಲಸಕ್ಕೂ ಮುಂದಾಗಬಾರದೇಕೆ?

ಜೂನ್ ತಿಂಗಳ ಶ್ರೀನಿವಾಸಪುರ. ಮಾವಿನ ಮಂಡಿಗಳ ಮುಂದೆ ಟ್ರ್ಯಾಕ್ಟರು, ಟೆಂಪೊ, ಲಾರಿಗಳ ಸಾಲು. ಒಂದು ಕಡೆ ತೋತಾಪುರಿಯ ರಾಶಿ, ಇನ್ನೊಂದು ಕಡೆ ಬಾದಾಮಿಯ ಕ್ರೇಟುಗಳು. ಹರಾಜಿನ ಕೂಗು, ಹಮಾಲರ ಗದ್ದಲ, ಹಿಂದೆ ಸರಿಯುವ ಲಾರಿಯ ಪೀಂ ಪೀಂ. ತೂಕದ ಯಂತ್ರದ ಪಕ್ಕದಲ್ಲಿ ಲೆಕ್ಕದ ಪುಸ್ತಕ ಹಿಡಿದ, ಮೂವತ್ತರ ಆಸುಪಾಸಿನ ಗುಮಾಸ್ತ.

‘ಎಷ್ಟಂದ್ರಿ ಗೌಡ್ರೇ?’

‘ಎಷ್ಟು ಸಲ ಹೇಳೋದಪ್ಪ? ಹದಿನೆಂಟು ಕ್ವಿಂಟಾಲು ಚಿಲ್ರೆ. ನೀನೇ ತೂಕ ಹಾಕ್ದೆ, ನೀನೇ ಕೇಳ್ತೀಯಲ್ಲ.’

ಗುಮಾಸ್ತನ ಮುಖ ಕೆಂಪಾಗುತ್ತದೆ. ಪೆನ್ನು ನೆಲಕ್ಕೆ ಬಡಿದು, ಪುಸ್ತಕ ಎಸೆದು, ಬೈಗುಳ ಉದುರಿಸುತ್ತ ಹೊರನಡೆಯುತ್ತಾನೆ. ಹೋದ ಸುಗ್ಗಿಯಲ್ಲಿ ಇದೇ ಹುಡುಗ ರೈತರ ಬಾಕಿಯನ್ನೆಲ್ಲ ಪುಸ್ತಕ ನೋಡದೆ ಒಪ್ಪಿಸುತ್ತಿದ್ದ. ಎರಡು ಸುಗ್ಗಿಗಳ ನಡುವೆ ಚಿಂತಾಮಣಿ ರಸ್ತೆಯಲ್ಲಿ ಒಂದು ರಾತ್ರಿ ಬೈಕು ಜಾರಿತ್ತು. ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲಿತ್ತು.

ಕೋಲಾರ, ಅಲ್ಲಿಂದ ಬೆಂಗಳೂರು, ಸ್ಕ್ಯಾನ್, ಹೊಲಿಗೆ, ವಾರ್ಡು, ಡಿಸ್ಚಾರ್ಜು. ಊರಿನವರ ಪ್ರಕಾರ ಅವನೀಗ ‘ಫುಲ್ ಹುಷಾರು’. ಹೆಂಡತಿಗೆ ಮಾತ್ರ ಗೊತ್ತು, ಮನೆಗೆ ಬಂದಿರುವುದು ಬೇರೆಯೇ ಮನುಷ್ಯ.

ಈ ಗುಮಾಸ್ತ ಯಾವೊಬ್ಬ ವ್ಯಕ್ತಿಯೂ ಅಲ್ಲ. ತಲೆಗೆ ಪೆಟ್ಟಾದವರಲ್ಲಿ ವೈದ್ಯರು ಗುರುತಿಸುವ ಲಕ್ಷಣಗಳನ್ನು ಒಬ್ಬನಲ್ಲಿ ಕೂಡಿಸಿ ಬರೆದ ಚಿತ್ರ. ಆದರೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಓದುಗರಲ್ಲಿ ಕೆಲವರಿಗಾದರೂ ಈತ ಅಣ್ಣನಂತೆ, ಮಗನಂತೆ, ಪಕ್ಕದ ಮನೆಯವನಂತೆ ಕಂಡಾನು. ಜುಲೈ 22 ವಿಶ್ವ ಮೆದುಳು ದಿನ. ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಬರುವ ಆ ದಿನದ ನೆಪದಲ್ಲಿ, ಇಂಥವರಿಗೆ ಮುಂದೇನು ಎಂದು ಕೇಳಿಕೊಳ್ಳಬಹುದು.

ರಸ್ತೆ, ಮರ, ಸಾರುವೆ

ಕೋಲಾರ ಜಿಲ್ಲೆಯ ಬದುಕು ಚಕ್ರಗಳ ಮೇಲಿದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಟೊಮೆಟೊ ಮಾರುಕಟ್ಟೆಗಳಲ್ಲೊಂದು ಕೋಲಾರದ ಎಪಿಎಂಸಿ. ಅಲ್ಲಿಗೆ ಬರುವ, ಅಲ್ಲಿಂದ ಹೊರಡುವ ಗಾಡಿಗಳಿಗೆ ಹಗಲು ರಾತ್ರಿ ಒಂದೇ. ಹಳೆಯ ರಾಷ್ಟ್ರೀಯ ಹೆದ್ದಾರಿ 4, ಈಗಿನ 75, ನರಸಾಪುರ, ಕೋಲಾರ, ಮುಳಬಾಗಿಲನ್ನು ದಾಟಿ ನಂಗಲಿಯ ಬಳಿ ಆಂಧ್ರಕ್ಕೆ ಇಳಿಯುತ್ತದೆ. ಮಾಲೂರು ಸೀಮೆಯನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲೂ ವಾಹನಗಳ ಓಡಾಟ ಶುರುವಾಗಿದೆ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಶಿಫ್ಟು ಹಿಡಿಯಲು ಹಳ್ಳಿ ಹಳ್ಳಿಯಿಂದ ಬೈಕುಗಳು ಹೊರಡುತ್ತವೆ.

ತಲೆಗೆ ಪೆಟ್ಟಾಗುವುದು ರಸ್ತೆಯಲ್ಲಿ ಮಾತ್ರವಲ್ಲ. ದೋಟಿ ಹಿಡಿದು ಮಾವಿನ ಮರ ಹತ್ತಿದವನ ಕಾಲ ಕೆಳಗೆ ಕೊಂಬೆ ಮುರಿಯುತ್ತದೆ. ಕಟ್ಟಡದ ಸಾರುವೆಯಿಂದ ಮೇಸ್ತ್ರಿ ಜಾರುತ್ತಾನೆ. ಬಚ್ಚಲಿನಲ್ಲಿ ಅಜ್ಜಿ ಬೀಳುತ್ತಾಳೆ. ಜಮೀನಿನ ಜಗಳದಲ್ಲಿ ದೊಣ್ಣೆ ತಲೆಗೇ ಬೀಳುತ್ತದೆ.

ನಿಮ್ಹಾನ್ಸ್‌ನಲ್ಲಿ ಸಾಂಕ್ರಾಮಿಕಶಾಸ್ತ್ರ ವಿಭಾಗ ಕಟ್ಟಿದ ಡಾ. ಜಿ. ಗುರುರಾಜ್ 2002ರಲ್ಲಿ ಪ್ರಕಟಿಸಿದ ಭಾರತದ ಚಿತ್ರಣವೂ ಇದನ್ನೇ ಹೇಳುತ್ತದೆ. ಮೆದುಳಿನ ಗಾಯಗಳಲ್ಲಿ ಸುಮಾರು ಶೇ 60ರಷ್ಟು ರಸ್ತೆ ಅಪಘಾತದ್ದು, 20ರಿಂದ 25 ಬೀಳುವುದರಿಂದ, 10ರಷ್ಟು ಹೊಡೆದಾಟದಿಂದ. ಶೇ 15ರಿಂದ 20 ಮಂದಿ ಪೆಟ್ಟಾದಾಗ ಕುಡಿದಿದ್ದವರು. ಗಾಯಗೊಳ್ಳುವವರಲ್ಲಿ ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ಮನೆಯ ಆದಾಯವೂ ಅದೇ ದಿನ ಆಸ್ಪತ್ರೆ ಸೇರುತ್ತದೆ.

ಕ್ರೇಟು ಒಡೆಯದಿದ್ದರೂ

ಟೊಮೆಟೊ ತುಂಬಿದ ಲಾರಿ ಥಟ್ಟನೆ ಬ್ರೇಕು ಹಾಕಿತು ಅನ್ನಿ. ಪ್ಲಾಸ್ಟಿಕ್ ಕ್ರೇಟಿಗೆ ಒಂದು ಗೀರೂ ಬಿದ್ದಿರುವುದಿಲ್ಲ, ಒಳಗಿನ ಹಣ್ಣು ಮಾತ್ರ ಗೋಡೆಗೆ ಬಡಿದು ಜಜ್ಜಿರುತ್ತದೆ. ತಲೆಬುರುಡೆಯೊಳಗಿನ ಮೆದುಳಿಗೂ ಆಗುವುದು ಇದೇ. ಬುರುಡೆ ಬಿರಿಯಬೇಕೆಂದಿಲ್ಲ, ರಕ್ತ ಸುರಿಯಬೇಕೆಂದಿಲ್ಲ.

ಹಣೆಯ ಹಿಂದಿನ ಮತ್ತು ಕಿವಿಗಳ ಒಳಬದಿಯ ಭಾಗಗಳಿಗೆ ಪೆಟ್ಟು ಹೆಚ್ಚು, ಏಕೆಂದರೆ ಬುರುಡೆಯ ತಳ ಅಲ್ಲಿ ಒರಟು. ತಲೆ ಗಿರ್ರನೆ ತಿರುಗಿದಾಗ ಮೆದುಳಿನ ಉದ್ದಕ್ಕೂ ಹಬ್ಬಿದ ಸೂಕ್ಷ್ಮ ನರತಂತುಗಳು ಎಳೆದು ಹರಿಯುತ್ತವೆ. ಮಾಮೂಲಿ ಸಿ.ಟಿ. ಸ್ಕ್ಯಾನಿನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ‘ಸ್ಕ್ಯಾನ್ ನಾರ್ಮಲ್ ಇದೆ’ ಎಂಬ ಮಾತಿನ ಅರ್ಥ ಆಪರೇಷನ್ ಬೇಕಿಲ್ಲ ಎಂದು. ಮನುಷ್ಯ ಮೊದಲಿನಂತೆಯೇ ಇರುತ್ತಾನೆ ಎಂದಲ್ಲ.

ಹಣೆಯ ಹಿಂದಿರುವ ಭಾಗವೇ ನಮ್ಮೊಳಗಿನ ಯಜಮಾನ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವ ಮಾತು ಆಡಬಾರದು, ಸಿಟ್ಟು ಎಲ್ಲಿ ನುಂಗಬೇಕು ಎಂಬ ತೀರ್ಮಾನಗಳು ಅಲ್ಲಿ ಆಗುತ್ತವೆ. ಅಲ್ಲಿ ಗಾಯವಾದರೆ ಕೈಕಾಲು ನೆಟ್ಟಗಿರುತ್ತವೆ, ಮಾತು ಸ್ಪಷ್ಟವಾಗಿರುತ್ತದೆ, ನಡತೆ ಬದಲಾಗುತ್ತದೆ. ಒಬ್ಬ ಬೀದಿಯಲ್ಲಿ ಕಂಡವರ ಮೇಲೆಲ್ಲ ಕೂಗಾಡುತ್ತಾನೆ. ಇನ್ನೊಬ್ಬ ಯಾರಾದರೂ ಎಬ್ಬಿಸುವವರೆಗೆ ಕೂತಲ್ಲೇ ಕೂತಿರುತ್ತಾನೆ. ಮೊದಲನೆಯವನಿಗೆ ‘ಕೊಬ್ಬು’, ಎರಡನೆಯವನಿಗೆ ‘ಸೋಮಾರಿತನ’ ಎಂದು ಊರು ಹೆಸರಿಡುತ್ತದೆ. ಎರಡೂ ಗಾಯದ ಲಕ್ಷಣಗಳು.

ಯಾರೂ ಕೇಳದ ನಷ್ಟಗಳೂ ಇವೆ. ವಾಸನೆಯ ನರಗಳು ಬುರುಡೆಯ ತಳದಲ್ಲೇ ತುಂಡಾಗಬಹುದು. ಮುಳಬಾಗಿಲಿನ ದೋಸೆ ಭಟ್ಟನಿಗೆ ತುಪ್ಪದ ಘಮ ತಿಳಿಯದಿದ್ದರೆ ಅದು ಕಸುಬಿನ ಪ್ರಶ್ನೆ. ಗೃಹಿಣಿಗೆ ಗ್ಯಾಸ್ ಸೋರಿದ್ದು ತಿಳಿಯದಿದ್ದರೆ ಜೀವದ ಪ್ರಶ್ನೆ. ಇನ್ನೊಂದು, ದಣಿವು. ಅರ್ಧ ಗಂಟೆ ಲೆಕ್ಕ ನೋಡಿದರೆ ಇಡೀ ದಿನ ಹೊಲ ಅಗೆದಷ್ಟು ಸುಸ್ತು.

ಎಲ್ಲಕ್ಕಿಂತ ಕಷ್ಟದ್ದೆಂದರೆ, ತನಗೆ ಏನಾಗಿದೆ ಎಂಬುದೇ ಎಷ್ಟೋ ಗಾಯಾಳುಗಳಿಗೆ ತಿಳಿಯುವುದಿಲ್ಲ. ಹಟದಿಂದ ಒಪ್ಪಿಕೊಳ್ಳದಿರುವುದಲ್ಲ, ತನ್ನನ್ನು ತಾನು ಗಮನಿಸುವ ಭಾಗಕ್ಕೇ ಪೆಟ್ಟಾಗಿರುತ್ತದೆ.

---
ಬಾಕ್ಸ್ 1: ಏಟಿನ ಅಳತೆಗೋಲು

• ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ ರೂಪುಗೊಂಡದ್ದು 1974ರಲ್ಲಿ. ರೂಪಿಸಿದವರು ಗ್ಲಾಸ್ಗೋ ವಿಶ್ವವಿದ್ಯಾಲಯದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್.

• ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ: ಮೂರಕ್ಕೂ ಅಂಕ. ಒಟ್ಟು 3ರಿಂದ 15.

• 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಬಂದರೆ ತೀವ್ರ.

• ‘ಸೌಮ್ಯ’ ಎಂದು ಬರೆಸಿಕೊಂಡು ಮನೆಗೆ ಹೋದವರಲ್ಲೂ ಕೆಲವರಿಗೆ ತಲೆನೋವು, ಮರೆವು, ಸಿಡುಕು, ನಿದ್ದೆಗೇಡು ತಿಂಗಳುಗಟ್ಟಲೆ ಉಳಿಯುತ್ತದೆ.
---

ಮೊರದಲ್ಲಿ ಔಷಧ

ಹಾಗಾದರೆ ಚಿಕಿತ್ಸೆ ಏನು? ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮನೋವಿಜ್ಞಾನಿಗಳು ಬಳಸುವ ಸಲಕರಣೆಗಳಲ್ಲಿ ಒಂದನ್ನು ನೋಡಿದರೆ ಕೋಲಾರದ ಅಜ್ಜಿಯರು ನಕ್ಕಾರು. ಅದು ಬೆರಕೆ ಕಾಳು.

ಕಾಳು ಆರಿಸುವುದು ನಿಮ್ಹಾನ್ಸ್‌ನ ಗ್ರಹಿಕಾ ಮರುತರಬೇತಿಯ ಒಂದು ಅಭ್ಯಾಸ. ಬೇರೆ ಬೇರೆ ಧಾನ್ಯಗಳನ್ನು ಬೆರೆಸಿ ಮುಂದಿಡುತ್ತಾರೆ; ಗಾಯಾಳು ಅವನ್ನು ವಿಂಗಡಿಸಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ತಪ್ಪಾಯಿತು ಎಂದು ಬರೆದಿಡಬೇಕು. ಸುಲಭವಾಯಿತು ಎನ್ನಿಸಿದೊಡನೆ ಕಷ್ಟ ಹೆಚ್ಚಿಸಬೇಕು. ನಮ್ಮ ಸೀಮೆಯ ಮನೆಯಲ್ಲಾದರೆ ಅವರೆ–ತೊಗರಿಯಿಂದ ಶುರುಮಾಡಿ, ಹೆಸರು–ಉದ್ದಿಗೆ ಬಂದು, ಕೊನೆಗೆ ರಾಗಿ–ಸಾಸಿವೆಯವರೆಗೆ ಹೋಗಬಹುದು.

ಮೇಲ್ನೋಟಕ್ಕೆ ಇದು ಸಮಯ ಕಳೆಯುವ ಕೆಲಸ. ಒಳಗೆ ನಡೆಯುವುದು ಬೇರೆ. ಕಣ್ಣು ಹುಡುಕಬೇಕು, ಮನಸ್ಸು ಅತ್ತಿತ್ತ ಹೋಗದಂತೆ ಹಿಡಿಯಬೇಕು, ಬೆರಳು ಆ ಆಜ್ಞೆ ಪಾಲಿಸಬೇಕು, ಬೇಸರವನ್ನು ಅದುಮಬೇಕು. ಗಮನ ಎಂದು ಒಂದೇ ಪದದಲ್ಲಿ ಹೇಳುವ ಶಕ್ತಿಯೊಳಗೆ ಇಷ್ಟು ಬಗೆಗಳಿವೆ. ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು, ಗೆರೆ ದಾಟದಂತೆ ಬಣ್ಣ ತುಂಬುವುದು, ಅಂಕಿಗಳಿಗೆ ಚಿಹ್ನೆ ಜೋಡಿಸುವುದು ಇದೇ ಜಾತಿಯ ಅಭ್ಯಾಸಗಳು. ಬಳಸಿದ ದಾರಿ ಗಟ್ಟಿಯಾಗುತ್ತ ಹೋಗುವುದು ಮೆದುಳಿನ ಗುಣ. ಮರುತರಬೇತಿ ನಂಬಿಕೊಂಡಿರುವುದು ಅದನ್ನೇ.

ಈ ವಿದ್ಯೆಯನ್ನು ಭಾರತದಲ್ಲಿ ಬೇರೂರಿಸಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ನಿಮ್ಹಾನ್ಸ್‌ನ ಡಾ. ಶೋಭಿನಿ ಎಲ್. ರಾವ್. ಡಿ.ಕೆ. ಸುಬ್ಬಕೃಷ್ಣ ಮತ್ತು ಕೆ. ಗೋಪುಕುಮಾರ್ ಜತೆ ಅವರು 2004ರಲ್ಲಿ ಹೊರತಂದ ನಿಮ್ಹಾನ್ಸ್ ನರಮನೋವೈಜ್ಞಾನಿಕ ಪರೀಕ್ಷಾಮಾಲೆ, ನಮ್ಮ ಜನರ ನೆನಪು–ಗಮನವನ್ನು ನಮ್ಮದೇ ಅಳತೆಗಳಿಂದ ತೂಗಲು ದಾರಿ ಮಾಡಿತು. ಡಾ. ಜಮುನಾ ರಾಜೇಶ್ವರನ್ ಮೆದುಳಿನ ವಿದ್ಯುತ್ ಅಲೆಗಳನ್ನು ಗಾಯಾಳುವಿಗೇ ಪರದೆಯ ಮೇಲೆ ತೋರಿಸಿ, ಅವನ್ನು ಹದಕ್ಕೆ ತರಲು ಕಲಿಸುವ ನ್ಯೂರೋಫೀಡ್‌ಬ್ಯಾಕ್ ವಿಧಾನವನ್ನು ತಲೆಪೆಟ್ಟಿನವರಲ್ಲಿ ಬಳಸಿ ಅಧ್ಯಯನ ಮಾಡಿದರು. ಸ್ವತಃ ಹಿಂದೂಸ್ತಾನಿ ಗಾಯಕಿಯಾದ ಡಾ. ಶಾಂತಲಾ ಹೆಗಡೆ ನಿಮ್ಹಾನ್ಸ್‌ನಲ್ಲಿ ಸಂಗೀತ ಗ್ರಹಿಕೆಯ ಪ್ರಯೋಗಾಲಯ ನಡೆಸುತ್ತಾರೆ. ತಲೆಪೆಟ್ಟಿನವರ ಗ್ರಹಿಕಾ ಚಿಕಿತ್ಸೆಯಲ್ಲಿ ಸಂಗೀತಕ್ಕಿರುವ ಪಾತ್ರದ ಬಗ್ಗೆ 2014ರಲ್ಲಿ ಅವರು ವಿಸ್ತಾರವಾದ ಪರಾಮರ್ಶೆ ಬರೆದಿದ್ದಾರೆ. ತಾಳ ಹಿಡಿಯುವುದೆಂದರೆ ಮುಂದಿನ ಪೆಟ್ಟಿಗೆ ಕಾಯುವುದು. ಅದೂ ಗಮನದ ಅಭ್ಯಾಸವೇ.

ನೆನಪಿನ ವಿಷಯಕ್ಕೆ ಬಂದರೆ ಕಸರತ್ತಿಗಿಂತ ಹೊರಗಿನ ಆಸರೆ ಹೆಚ್ಚು ಫಲ ಕೊಡುತ್ತದೆ. ಜೇಬಿನಲ್ಲೊಂದು ಪುಟ್ಟ ಪುಸ್ತಕ, ಮೊಬೈಲಿನ ಅಲಾರಾಂ, ಕೀಲಿಕೈಗೆ ಗೋಡೆಯಲ್ಲಿ ಒಂದೇ ಮೊಳೆ. ಓದು ಬಾರದವರಿಗೆ ಚಿತ್ರ, ಬಣ್ಣದ ಡಬ್ಬಿ.

ಯುದ್ಧಗಳಿಂದ ಬಂದ ಪಾಠ, ತಂದೆಯೊಬ್ಬ ಮಾಡಿದ ಯಂತ್ರ

ಈ ಶಾಸ್ತ್ರ ಹುಟ್ಟಿದ್ದೇ ಯುದ್ಧದ ಬೆನ್ನಿಗೆ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಕುರ್ಟ್ ಗೋಲ್ಡ್‌ಸ್ಟೈನ್, ಎರಡನೆಯದರಲ್ಲಿ ಸೋವಿಯತ್ ರಷ್ಯಾದ ಉರಾಲ್ ಸೀಮೆಯಲ್ಲಿ ಅಲೆಕ್ಸಾಂಡರ್ ಲೂರಿಯಾ ತಲೆಗೆ ಗುಂಡು ತಗುಲಿದ ಸೈನಿಕರಿಗೆ ಬದುಕನ್ನು ಮತ್ತೆ ಕಲಿಸಿದರು. 1973ರ ಯುದ್ಧದ ನಂತರ ಇಸ್ರೇಲಿನಲ್ಲಿ, ಆಮೇಲೆ ನ್ಯೂಯಾರ್ಕಿನಲ್ಲಿ ಯೆಹೂದಾ ಬೆನ್-ಇಶಾಯ್ ಇನ್ನೊಂದು ಹೆಜ್ಜೆ ಮುಂದಿಟ್ಟರು: ನೆನಪಿಗೊಂದು ಚಿಕಿತ್ಸೆ, ದುಃಖಕ್ಕೊಂದು ಚಿಕಿತ್ಸೆ ಎಂದು ಬಿಡಿಸಲಾಗದು, ಎರಡೂ ಒಟ್ಟಿಗೇ ನಡೆಯಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲ್ಯಾರಿ ಟ್ರೆಡ್‌ಗೋಲ್ಡ್ ಎಂಬ ಎಂಜಿನಿಯರ್ ಇದ್ದರು. ತಲೆಪೆಟ್ಟಿನಿಂದ ಮಗ ನೆನಪಿನ ಶಕ್ತಿ ಕಳೆದುಕೊಂಡ. ಆತನಿಗೆ ಹೊತ್ತುಹೊತ್ತಿಗೆ ‘ಮಾತ್ರೆ ತೊಗೋ’, ‘ಊಟದ ಡಬ್ಬಿ ಹಿಡ್ಕೋ’ ಎಂದು ನೆನಪಿಸುವ ಪೇಜರ್ ವ್ಯವಸ್ಥೆಯನ್ನು ತಂದೆ ನರಮನೋವಿಜ್ಞಾನಿಯೊಬ್ಬರ ಜತೆ ಸೇರಿ ರೂಪಿಸಿದರು. ಇಂಗ್ಲೆಂಡಿನ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ಅದನ್ನು 143 ಮಂದಿಯಲ್ಲಿ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಶೇ 80ಕ್ಕೂ ಹೆಚ್ಚು ಜನರಿಗೆ ದಿನದ ಕೆಲಸಗಳಲ್ಲಿ ಪ್ರಯೋಜನವಾಗಿತ್ತು.

ಆ ಪೇಜರಿಗಿಂತ ಶಕ್ತಿಶಾಲಿಯಾದ ಯಂತ್ರ ಇವತ್ತು ಶ್ರೀನಿವಾಸಪುರದ ದನ ಕಾಯುವ ಹುಡುಗನ ಜೇಬಿನಲ್ಲೂ ಇದೆ. ಅದನ್ನು ಹಾಗೆ ಬಳಸಬಹುದೆಂದು ಹೇಳಿಕೊಡುವವರು ಬೇಕು.

ಸಿಟ್ಟು ಯಾರದು?

ಮರೆವನ್ನು ಮನೆಯವರು ಹೇಗೋ ಸಹಿಸುತ್ತಾರೆ. ಸಂಸಾರ ಒಡೆಯುವುದು ಸಿಟ್ಟಿನಿಂದ. ‘ಇವರು ಮೊದಲು ಹಿಂಗಿರಲಿಲ್ಲ ಕಣಮ್ಮ’ ಎಂದು ಸೊಸೆ, ‘ನನ್ನ ಮಗ ಎಲ್ಲಿ ಹೋದ?’ ಎಂದು ತಾಯಿ. ಕಣ್ಣೆದುರಿಗೇ ಇರುವ ಮನುಷ್ಯನಿಗಾಗಿ ಅಳುವ ವಿಚಿತ್ರ ದುಃಖ ಇದು. ಸಾವಾದರೆ ತಿಥಿ ಮಾಡುತ್ತೇವೆ, ಬಂಧುಗಳು ಬರುತ್ತಾರೆ. ಈ ದುಃಖಕ್ಕೆ ಯಾವ ಶಾಸ್ತ್ರವೂ ಇಲ್ಲ, ಯಾರೂ ಬರುವುದಿಲ್ಲ.

ಕೆಲವರು ‘ಗಾಳಿ ಸೋಕಿದೆ’ ಎಂದು ತೀರ್ಮಾನಿಸುತ್ತಾರೆ. ಗುಡಿ, ದರ್ಗಾ, ಹರಕೆ, ತಾಯತ ಎಲ್ಲವೂ ನಡೆಯುತ್ತದೆ. ಅದರಿಂದ ಮನೆಯವರಿಗೆ ಸಮಾಧಾನ ಸಿಗುವುದಾದರೆ ಸಿಗಲಿ. ಅಪಾಯ ಇರುವುದು ಅದರ ನೆಪದಲ್ಲಿ ಮಾತ್ರೆ ನಿಲ್ಲಿಸುವುದರಲ್ಲಿ. ಪೆಟ್ಟಿನ ನಂತರ ಫಿಟ್ಸ್ ಬರುವ ಸಾಧ್ಯತೆ ಇರುವವರು ಔಷಧವನ್ನು ತಟ್ಟನೆ ಬಿಟ್ಟರೆ ಜೀವಕ್ಕೇ ಕುತ್ತು.

ಸಿಟ್ಟಿಗೂ ವ್ಯಾಕರಣವಿದೆ. ದಣಿವು, ಹಸಿವು, ಗದ್ದಲ, ಒಟ್ಟಿಗೇ ನಾಲ್ಕು ಜನರ ಮಾತು, ಅವಸರದ ಪ್ರಶ್ನೆ: ಸಾಮಾನ್ಯವಾಗಿ ಇವುಗಳಲ್ಲೊಂದು ಕಿಡಿ ಹೊತ್ತಿಸುತ್ತದೆ. ಒಂದು ವಾರ ಬರೆದಿಟ್ಟರೆ ಮಾದರಿ ಕಾಣುತ್ತದೆ. ಮಂಡಿಯ ಮುಂದಿನ ಗದ್ದಲದಲ್ಲಿ ಕೆರಳುವವನು ಬೆಳಗಿನ ನಿಶ್ಶಬ್ದದಲ್ಲಿ ಅದೇ ಲೆಕ್ಕವನ್ನು ಸರಿಯಾಗಿ ಬರೆಯಬಲ್ಲ. ಕೆಲಸಕ್ಕೆ ಮರಳಿಸುವ ಕ್ರಮವೂ ಹೀಗೆಯೇ: ಮೊದಲು ಒಂದು ಗಂಟೆ, ಒಂದೇ ಕೆಲಸ, ಪಕ್ಕದಲ್ಲೊಬ್ಬರು, ಆಮೇಲೆ ಮೆಲ್ಲಗೆ ಹೆಚ್ಚಿಸುವುದು. ಪೂರ್ತಿ ಸಂಬಳ ಕೊಟ್ಟು ಪೂರ್ತಿ ಕೆಲಸ ಕೇಳುವ ಧಣಿಗಿಂತ, ಅರ್ಧ ಸಂಬಳಕ್ಕೆ ಅರ್ಧ ಕೆಲಸ ಕೊಡುವ ಧಣಿ ಇಲ್ಲಿ ದೊಡ್ಡ ವೈದ್ಯ.

ಇನ್ನೊಂದು ಬಗೆ ಮೌನದ್ದು. ಗಾಯಾಳುವಿಗೆ ತನ್ನ ಸ್ಥಿತಿ ಅರಿವಾಗತೊಡಗಿದಾಗ, ಅಂದರೆ ಚೇತರಿಕೆ ಚೆನ್ನಾಗಿ ಸಾಗಿರುವಾಗಲೇ, ಖಿನ್ನತೆ ಕವಿಯಬಹುದು. ಅದಕ್ಕೆ ಮಾತಿನ ಚಿಕಿತ್ಸೆಯೂ ಇದೆ, ಮಾತ್ರೆಯೂ ಇದೆ. ಕುಡಿತ ಮಾತ್ರ ಎಂದಿಗೂ ಮದ್ದಲ್ಲ. ಪೆಟ್ಟಾದ ಮೆದುಳಿಗೆ ಸ್ವಲ್ಪವೇ ಮದ್ಯ ಹೆಚ್ಚು ನಶೆ ಏರಿಸುತ್ತದೆ, ಫಿಟ್ಸಿನ ಅಪಾಯವನ್ನೂ ಏರಿಸುತ್ತದೆ.

---
ಬಾಕ್ಸ್ 2: ಮನೆಯವರಿಗೆ ಆರು ಮಾತು

• ‘ನೆನಪಿದೆಯಾ?’ ಎಂದು ಪರೀಕ್ಷೆ ಮಾಡಬೇಡಿ. ಸರಿಯುತ್ತರವನ್ನು ಮೊದಲೇ ಹೇಳಿ, ಮತ್ತೆ ಮತ್ತೆ ಹೇಳಿಸಿ. ತಪ್ಪು ಉತ್ತರ ಬಾಯಿಗೆ ಬಂದರೆ ಅದೇ ಕೂತುಬಿಡುತ್ತದೆ.

• ಒಂದು ಹೊತ್ತಿಗೆ ಒಂದೇ ಮಾತು, ಒಂದೇ ಕೆಲಸ. ಆ ವೇಳೆ ಟಿವಿ ಬಂದ್.

• ಏಳುವುದು, ಉಣ್ಣುವುದು, ಮಲಗುವುದಕ್ಕೆ ದಿನವೂ ಒಂದೇ ಹೊತ್ತು.

• ಸಿಟ್ಟಿನ ನಡುವೆ ವಾದ ಬೇಡ. ಜಾಗ ಬಿಟ್ಟುಕೊಡಿ, ತಣ್ಣಗಾದ ಮೇಲೆ ಮಾತಾಡಿ.

• ವೈದ್ಯರ ಒಪ್ಪಿಗೆ ಸಿಗುವವರೆಗೆ ಬೈಕು, ಬಾವಿ, ಮರ, ಯಂತ್ರಗಳಿಂದ ದೂರ.

• ನೋಡಿಕೊಳ್ಳುವವರಿಗೂ ವಾರಕ್ಕೊಂದು ಬಿಡುವು ಬೇಕು. ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.
---

ಶ್ರೀನಿವಾಸಪುರದ ಹಳ್ಳಿಗಳತ್ತ ವಿಜ್ಞಾನದ ಕಣ್ಣು

ಮೆದುಳಿನ ವಿಷಯದಲ್ಲಿ ಕೋಲಾರ ಜಿಲ್ಲೆ ಹಿಂದೆ ಬಿದ್ದ ಜಿಲ್ಲೆಯೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ 2018ರ ಜನವರಿಯಿಂದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಗ್ರಾಮೀಣರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಅವರ ನೆನಪು, ರಕ್ತ, ವಂಶವಾಹಿ, ಮೆದುಳಿನ ಚಿತ್ರಗಳನ್ನು ನೋಡುವುದು ಗುರಿ. ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಮುಂದಾಳತ್ವದಲ್ಲಿ ಶುರುವಾದ ಈ ಕೆಲಸಕ್ಕೆ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ನೆರವಿದೆ. ‘ಸ್ಯಾನ್ಸ್‌ಕಾಗ್’ ಎಂಬ ಅದರ ಹೆಸರಿನ ಮೊದಲ ಅಕ್ಷರವೇ ಶ್ರೀನಿವಾಸಪುರದ್ದು.

ಅದು ಮರೆಗುಳಿ ರೋಗದ ಅಧ್ಯಯನ, ತಲೆಪೆಟ್ಟಿನದ್ದಲ್ಲ. ಆದರೆ ಎರಡರ ನಡುವೆ ನಂಟಿದೆ. ಡಿಮೆನ್ಷಿಯಾಕ್ಕೆ ಕಾರಣವಾಗುವ, ಆದರೆ ತಡೆಯಬಹುದಾದ ಅಂಶಗಳ ಪಟ್ಟಿಗೆ ಲ್ಯಾನ್ಸೆಟ್ ಆಯೋಗ 2020ರಲ್ಲಿ ತಲೆಪೆಟ್ಟನ್ನೂ ಸೇರಿಸಿತು. ಇಪ್ಪತ್ತೈದರಲ್ಲಿ ಬಿದ್ದ ಏಟು ಅರವತ್ತೈದರಲ್ಲಿ ಲೆಕ್ಕ ಕೇಳಬಹುದು. ಅಷ್ಟೇ ಮುಖ್ಯವಾದದ್ದು, ಶಾಲೆಯ ಮುಖ ನೋಡದ ರೈತ ಮಹಿಳೆಯ ನೆನಪನ್ನು ಅವಳ ಮನೆಮಾತಿನಲ್ಲಿ ಅಳೆಯುವ ಅನುಭವ ಈ ತಾಲ್ಲೂಕಿನಲ್ಲಿ ಬೆಳೆದಿರುವುದು. ಪುನರ್ವಸತಿಯ ಮೊದಲ ಮೆಟ್ಟಿಲೇ ಅದು.

ಎರಡನೆಯ ಪ್ರಯೋಗ ಸರ್ಕಾರದ್ದು. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರ ಜನವರಿಯಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್‌ಗೆ ಆರಿಸಿಕೊಂಡ ಮೊದಲ ಜಾಗಗಳು ಮೂರು: ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ದಕ್ಷಿಣ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಮೆದುಳಿನ ಕಾಯಿಲೆಗಳನ್ನು ಊರಿನಲ್ಲೇ ಗುರುತಿಸಿ, ಜಿಲ್ಲಾಸ್ಪತ್ರೆಯ ಮೆದುಳು ಆರೋಗ್ಯ ಕ್ಲಿನಿಕ್ಕಿಗೆ ಕಳಿಸುವ ಏರ್ಪಾಡು. ಕೋಲಾರದಲ್ಲಿ ಅದು ಎಸ್‌ಎನ್‌ಆರ್ ಆಸ್ಪತ್ರೆಯ ಪಾಲಿಗೆ ಬಂತು. ಒತ್ತು ಕೊಟ್ಟ ಕಾಯಿಲೆಗಳು ತಲೆನೋವು, ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನ.

ಈ ನಾಲ್ಕರ ಪಕ್ಕದಲ್ಲಿ ಐದನೆಯದಾಗಿ ತಲೆಪೆಟ್ಟಿನ ನಂತರದ ಆರೈಕೆ ಕೂರಲು ಅಡ್ಡಿ ಏನಿದೆ? ಮುಳಬಾಗಿಲಿನ ಕೂಲಿಕಾರ್ಮಿಕ ಕುಟುಂಬವೊಂದು ನಿಮ್ಹಾನ್ಸ್‌ಗೆ ಹೋಗಿಬರುವುದೆಂದರೆ ಬೆಳಗಿನ ಬಸ್ಸು, ಇಬ್ಬರ ಕೂಲಿ ಖೋತಾ, ಸರತಿ ಸಾಲು, ರಾತ್ರಿಯ ಬಸ್ಸು. ಮರುತರಬೇತಿಗೆ ಬೇಕಾದದ್ದು ವರ್ಷಕ್ಕೆ ಎರಡು ದೊಡ್ಡ ಭೇಟಿಯಲ್ಲ, ದಿನಕ್ಕೆ ಒಂದು ಗಂಟೆಯ ಅಭ್ಯಾಸ, ವಾರಕ್ಕೊಮ್ಮೆ ನೋಡಿ ತಿದ್ದುವವರು.

ತಿದ್ದುವವರು ನಮ್ಮಲ್ಲಿ ಇಲ್ಲದೇ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮನೆ ಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಪದ್ಧತಿ ಇದೆ. ಕೊಂಡಿಗಳೆಲ್ಲ ಇವೆ, ಸರಪಳಿ ಆಗಿಲ್ಲ.

---
ಬಾಕ್ಸ್ 3: ಎರಡು ನುಡಿಯ ಬಲ

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಜತೆಗೆ ಒಂದಿಷ್ಟು ತಮಿಳು, ಉರ್ದು: ಇದು ಕೋಲಾರದ ದಿನಚರಿ. ಈಗ ನಿಮ್ಹಾನ್ಸ್‌ನಲ್ಲಿರುವ ನರತಜ್ಞೆ ಡಾ. ಸುವರ್ಣಾ ಅಲ್ಲಾಡಿ ಹೈದರಾಬಾದಿನ ರೋಗಿಗಳಲ್ಲಿ ನಡೆಸಿದ ಅಧ್ಯಯನಗಳು ಈ ದಿನಚರಿಗೆ ಹೊಸ ಬೆಲೆ ತಂದಿವೆ.

• 2013: ಮರೆಗುಳಿ ರೋಗದ 648 ಮಂದಿಯಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸವಿತ್ತು.

• 2016: ಪಾರ್ಶ್ವವಾಯು ಬಡಿದ 608 ಮಂದಿಯಲ್ಲಿ, ಗ್ರಹಣಶಕ್ತಿ ಮಾಮೂಲಾಗಿ ಉಳಿದವರು ದ್ವಿಭಾಷಿಕರಲ್ಲಿ ಶೇ 40ರಷ್ಟು, ಒಂದೇ ಭಾಷೆಯವರಲ್ಲಿ ಶೇ 20ರಷ್ಟು.

ಇವು ತಲೆಪೆಟ್ಟಿನ ಅಧ್ಯಯನಗಳಲ್ಲ. ಆದರೂ ಗಾಯಾಳುವಿನ ಅಭ್ಯಾಸವನ್ನು ಅವನ ಮನೆಮಾತಿನಿಂದ ಶುರುಮಾಡಿ, ಎರಡನೆಯ ಭಾಷೆಯನ್ನೂ ಬಿಡದೆ ಆಡಿಸುವುದು ಒಳ್ಳೆಯದೆನ್ನಲು ಇವು ಸಾಕು.
---

ಏಳು ದಿನದ ಲೆಕ್ಕ

ಕಾಯ್ದೆ, ಯೋಜನೆಗಳು ತಲೆಪೆಟ್ಟನ್ನು ಹೇಗೆ ನೋಡುತ್ತವೆ? 2016ರಲ್ಲಿ ಕರ್ನಾಟಕ ‘ಹರೀಶ್ ಸಾಂತ್ವನ’ ಯೋಜನೆ ತಂದಿತು. ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಪ್ರಾಣ ಬಿಡುವ ಮೊದಲು ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ ಹರೀಶ್ ನಂಜಪ್ಪ ಅವರ ನೆನಪಿನ ಆ ಯೋಜನೆ, ಅಪಘಾತದ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಅನ್ವಯಿಸುವ ನಗದುರಹಿತ ಚಿಕಿತ್ಸಾ ಯೋಜನೆ ಪ್ರಕಟಿಸಿತು: ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ, ಅಪಘಾತದ ದಿನದಿಂದ ಗರಿಷ್ಠ 7 ದಿನ.

ಎರಡೂ ಜೀವ ಉಳಿಸುವ ಯೋಜನೆಗಳು, ಸ್ವಾಗತಾರ್ಹ. ಆದರೆ ಮೆದುಳಿನ ಚೇತರಿಕೆಯ ಕ್ಯಾಲೆಂಡರು ಬೇರೆ. ಮೊದಲ ಆರು ತಿಂಗಳು ಓಟ, ಎರಡು ವರ್ಷದವರೆಗೆ ನಡಿಗೆ, ಆಮೇಲೂ ತೆವಳುತ್ತ ಮುಂದುವರಿಯುವ ಪ್ರಗತಿ. ನಿಜವಾದ ಪುನರ್ವಸತಿ ಶುರುವಾಗುವುದೇ ಏಳನೆಯ ದಿನದ ನಂತರ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಮೆದುಳಿನ ಗಾಯ ಅಲ್ಲಿ ತನ್ನ ಹೆಸರಿನಲ್ಲಿಲ್ಲ. ಕೈ ಸ್ವಾಧೀನ ತಪ್ಪಿದ್ದರೆ ಚಲನವೈಕಲ್ಯ, ಮಾತು ನಿಂತಿದ್ದರೆ ವಾಕ್ ವೈಕಲ್ಯ ಎಂದು ಕಾರ್ಡು ಸಿಗುತ್ತದೆ. ಕೈಕಾಲು, ಮಾತು ಎಲ್ಲ ಸರಿಯಿದ್ದು ಯೋಜನೆ ಹಾಕುವ ಶಕ್ತಿ ಮಾತ್ರ ಕಳೆದುಕೊಂಡವನು ಯಾವ ಕಾಲಂನಲ್ಲೂ ಸಲೀಸಾಗಿ ಕೂರುವುದಿಲ್ಲ. ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆ ತಲೆಪೆಟ್ಟನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದ್ದು 1990ರಲ್ಲಿ.

ನ್ಯಾಯಾಲಯಗಳು ಸ್ವಲ್ಪ ಮುಂದಿವೆ. ವೈದ್ಯರು ಬರೆಯುವ ವೈಕಲ್ಯದ ಶೇಕಡಾವಾರೇ ದುಡಿಮೆಯ ನಷ್ಟದ ಶೇಕಡಾವಾರು ಅಲ್ಲ ಎಂದು ಸುಪ್ರೀಂ ಕೋರ್ಟ್ ರಾಜ್‌ಕುಮಾರ್ ಮತ್ತು ಅಜಯ್‌ಕುಮಾರ್ ಪ್ರಕರಣದಲ್ಲಿ 2010ರಲ್ಲೇ ಹೇಳಿತು. ಎಡಗೈ ಕಳೆದುಕೊಂಡ ಚಾಲಕನ ನಷ್ಟವೇ ಬೇರೆ, ಗುಮಾಸ್ತನ ನಷ್ಟವೇ ಬೇರೆ ಎಂಬ ಉದಾಹರಣೆ ಆ ತೀರ್ಪಿನಲ್ಲಿದೆ. ಅದೇ ತರ್ಕ ಹಿಡಿದರೆ, ಲೆಕ್ಕ ಬರೆಯುವವನಿಗೆ ನೆನಪು ಹೋಗುವುದು ಪೂರ್ತಿ ದುಡಿಮೆ ಹೋದಂತೆ. ಹಾಗೆ ವಾದಿಸಲು ಕೈಯಲ್ಲಿ ನರಮನೋವೈಜ್ಞಾನಿಕ ಪರೀಕ್ಷೆಯ ವರದಿ ಇರಬೇಕು. ಮೂಳೆ ಮುರಿದದ್ದಕ್ಕೆ ಎಕ್ಸ್‌ರೇ ತರುವ ಕುಟುಂಬಗಳಿಗೆ ಇಂಥದೊಂದು ವರದಿ ಇರುತ್ತದೆ ಎಂದು ಯಾರಾದರೂ ಮೊದಲೇ ಹೇಳಬೇಕು.

---
ಬಾಕ್ಸ್ 4: ಏಟು ಬಿದ್ದ ದಿನ

ಎದ್ದು ಮಾತಾಡಿದ ಮಾತ್ರಕ್ಕೆ ಅಪಾಯ ಕಳೆಯಿತೆಂದಲ್ಲ. ಒಳಗೆ ರಕ್ತ ಸೋರುತ್ತಿದ್ದರೆ ಗಂಟೆಗಳ ನಂತರ ಸ್ಥಿತಿ ಕೆಡಬಹುದು. ಈ ಲಕ್ಷಣ ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ:

• ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು

• ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು

• ಫಿಟ್ಸ್, ಕೈಕಾಲಿನಲ್ಲಿ ಶಕ್ತಿ ಕುಂದುವುದು

• ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು

• ಕಿವಿ, ಮೂಗಿನಿಂದ ರಕ್ತ ಅಥವಾ ನೀರು

ಹೆಲ್ಮೆಟ್ಟಿನ ಲೆಕ್ಕ: ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು ಶೇ 42, ತಲೆಪೆಟ್ಟನ್ನು ಶೇ 69 ತಗ್ಗಿಸುತ್ತದೆ. ರಾಜ್ಯದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಕಡ್ಡಾಯ. 2021ರ ಜೂನ್‌ನಲ್ಲಿ ನಾವು ನಟ ಸಂಚಾರಿ ವಿಜಯ್ ಅವರನ್ನು ಕಳೆದುಕೊಂಡದ್ದು ಬೈಕಿನ ಹಿಂಬದಿಯಲ್ಲಿ ಕೂತು ಹೊರಟಾಗ ಆದ ತಲೆಪೆಟ್ಟಿನಿಂದ.
---

ಒಂದು ಸಾಲು, ಒಬ್ಬ ಕಾರ್ಯಕರ್ತ, ಒಂದು ದಿನ

ದೊಡ್ಡ ಆಸ್ಪತ್ರೆ ಕಟ್ಟಿ ಎಂದು ಕೇಳುವುದು ಸುಲಭ. ಇಲ್ಲಿ ಬೇಕಾಗಿರುವುದು ಅದಲ್ಲ. ಎಸ್‌ಎನ್‌ಆರ್ ಇದೆ, ಟಮಕದಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಎರಡು ಗಂಟೆಯ ದಾರಿಯಲ್ಲಿ ನಿಮ್ಹಾನ್ಸ್ ಇದೆ. ಜಿಲ್ಲೆ ಮೂರು ಸಣ್ಣ ಕೆಲಸ ಮಾಡಿದರೆ ಸಾಕು.

ಮೊದಲನೆಯದು, ಪ್ರತಿ ಪುನರ್ವಸತಿ ಕಾರ್ಯಕರ್ತರಿಗೂ ತಲೆಪೆಟ್ಟಿನ ತರಬೇತಿ. ಕಾಳಿನ ಅಭ್ಯಾಸ ಹಾಕಿಕೊಡುವುದು, ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಡುವುದು, ಸಿಟ್ಟಿನ ದಿನಚರಿ ಬರೆಸುವುದು, ಯಾವಾಗ ಮನೋವೈದ್ಯರಲ್ಲಿಗೆ ಕಳಿಸಬೇಕೆಂದು ತಿಳಿಯುವುದು: ಇದಕ್ಕೆ ಪದವಿ ಬೇಕಿಲ್ಲ. ಎರಡನೆಯದು, ಮೆದುಳು ಆರೋಗ್ಯ ಕ್ಲಿನಿಕ್ಕಿನಲ್ಲಿ ತಿಂಗಳಿಗೊಂದು ದಿನ ತಲೆಪೆಟ್ಟಿನವರಿಗೇ ಮೀಸಲು, ಅಂದು ಮನೆಯವರ ಗುಂಪು ಸಭೆಯೂ ನಡೆಯಲಿ. ‘ನಮ್ಮನೇಲೂ ಹಿಂಗೇ’ ಎನ್ನುವ ಇನ್ನೊಬ್ಬ ಹೆಣ್ಣುಮಗಳು ಸಿಕ್ಕರೆ ಸೊಸೆಯ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಅಗ್ಗ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಲಿಗೆ ಬಿಚ್ಚುವ ತಾರೀಕು ಇರುತ್ತದೆ, ಮಾತ್ರೆಯ ಹೊತ್ತು ಇರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಬರೆಯಲು ಹೊಸ ಕಾಯ್ದೆಯೂ ಬೇಡ, ಬಜೆಟ್ಟೂ ಬೇಡ: ‘ಮೂರು ತಿಂಗಳಿಗೆ ನೆನಪು, ಗಮನ, ಮನಸ್ಸಿನ ಪರೀಕ್ಷೆಗೆ ಬರುವುದು, ಜತೆಗೆ ಮನೆಯವರೊಬ್ಬರು ಬರುವುದು.’ ಮನುಷ್ಯ ಬದಲಾದದ್ದು ಕೊಬ್ಬಿನಿಂದಲ್ಲ, ಗಾಯದಿಂದ ಎಂಬುದನ್ನು ಮನೆಯವರಿಗೆ ಸರ್ಕಾರಿ ಮೊಹರಿನೊಂದಿಗೆ ತಿಳಿಸುವ ಮೊದಲ ಕಾಗದ ಅದಾದೀತು. ಆ ಸಾಲು ಬರೆಯುವ ಅಭ್ಯಾಸ ಕೋಲಾರದಿಂದಲೇ ಶುರುವಾಗಲಿ.